‘ಎನ್ನ ಪಾಡೆನಗಿರಲಿ’ ಅಂದವರ ಪಾಡನ್ನ ನಾವ್ಯಾಕೆ ಕೆದಕ್ತೀವಿ?

ಹಳೇಪುಸ್ತಕ (ಚರ್ಚೆ ಶುರು ಮಾಡಿದವರು)

ನಾನು ಡಿಗ್ರಿ ಓದೋವಾಗ ಕಾಲೇಜು ಡೇನಲ್ಲಿ ಸೀನಿಯರ್ ಒಬ್ಬ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡಿದ್ದ. ಹಾಡ್ತಾ ಹಾಡ್ತಾ ಮೂರನೇ ಸಾಲಲ್ಲಿ ಕೂತಿದ್ದ ಹುಡುಗಿ ಕಡೆ ನೋಡಿ ಒಂದು ನಗೆ. ಹಾಲ್ ತುಂಬ ಶಿಳ್ಳೆ. ಅವನು ಪಲ್ಲವಿ ಮತ್ತೆ ಒಂದು ಚರಣ ಬಿಟ್ಟು ಮುಂದಕ್ಕೆ ಹೋಗ್ಲಿಲ್ಲ. ಅಷ್ಟೇ ಬರ್ತಿತ್ತೇನೋ. ನಾನೂ ಏಳೆಂಟು ವರ್ಷ ಅದನ್ನ ಪ್ರೇಮಗೀತೆ ಅಂತಲೇ ಗುನುಗಿಕೊಂಡು ಓಡಾಡಿದೆ.

ಆಮೇಲೆ ಒಬ್ಬರು ಹಿರಿಯರು ಕೂರಿಸಿ ಹೇಳಿದ್ರು: ಅದು ಮಗು ತೀರಿಹೋದಾಗ ಬೇಂದ್ರೆ ಹೆಂಡತಿಯ ಮುಖ ನೋಡಲಾಗದೆ ಬರೆದ ಪದ್ಯ ಕಣಯ್ಯ, ಅವರು ಒಂದಲ್ಲ ಎರಡಲ್ಲ ಹಲವು ಮಕ್ಕಳನ್ನ ಕಳಕೊಂಡವರು. ಅವತ್ತು ರಾತ್ರಿ ಪೂರ್ತಿ ಪದ್ಯ ಓದಿದೆ. ಮೊದಲ ಸಾಲು ಅದೇ, ಆದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯ್ತು.

ಈಗ ನನ್ನ ತೊಂದರೆ ಇದು. ಅವತ್ತಿನಿಂದ ಆ ಪದ್ಯ ನನಗೆ ಬೇರೆ ಥರ ಕೇಳೋದೇ ಇಲ್ಲ. ಕಥೆ ಗೊತ್ತಾದ ಮೇಲೆ ಪದ್ಯ ದೊಡ್ಡದಾಯ್ತೋ ಸಣ್ಣದಾಯ್ತೋ ಅಂತಲೇ ಗೊತ್ತಾಗ್ತಿಲ್ಲ. ಬೇಂದ್ರೆಯವರೇ ಇನ್ನೊಂದು ಕಡೆ ‘ಎನ್ನ ಪಾಡೆನಗಿರಲಿ, ಅದರ ಹಾಡನ್ನಷ್ಟೆ ನೀಡುವೆನು ರಸಿಕ ನಿನಗೆ’ ಅಂತ ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಪಾಡು ಅವರದ್ದು, ಹಾಡು ನಮ್ಮದು. ಹಾಗಿದ್ದಮೇಲೆ ಪಾಡಿನ ಮನೆ ಬಾಗಿಲು ಬಡಿಯೋ ಹಕ್ಕು ನಮಗಿದ್ಯಾ? ಇಲ್ಲಿ ಓದಿಕೊಂಡವರು ಬಹಳ ಜನ ಇದ್ದೀರಿ, ಹೇಳಿ.

---

ಸಾಧನಕೇರಿ ಗಾಳಿ

ಅಲ್ರೀ ಹಳೇಪುಸ್ತಕ, ಆ ಪದ್ಯದಾಗ ಕೂಸು ಸತ್ತೈತಿ ಅಂತ ಎಲ್ಲಿ ಬರದಾರ್ರೀ? ತಗದು ನೋಡ್ರಿ. ‘ಮಲಗಿರುವ ಕೂಸು ಮಲಗಿರಲಿ ಅಲ್ಲೆ, ಮುಂದಿನದು ದೇವರ ಚಿತ್ತ’ ಅಂತೈತಿ. ಮಲಗೇತಿ ಅಂದ್ರ ಜ್ವರದಾಗ ಮಲಗೇತೋ, ಕಡೀ ಉಸಿರು ಎಳೀಲಿಕ್ಕತ್ತೇತೋ, ಇಲ್ಲಾ ಆಗಲೇ ಹೋಗೇತೋ, ಪದ್ಯ ಬಾಯಿ ಬಿಡಂಗಿಲ್ಲ. ‘ಮುಂದಿನದು’ ಅಂತ ಒಂದು ಮಾತು ಐತಲ್ಲ, ಅದರಾಗ ಇನ್ನೂ ಒಂದು ಎಳಿ ಆಸೆ ಜೋತು ಬಿದ್ದೈತಿ. ನಿಮಗ ಕಥಿ ಹೇಳಿದ ಹಿರ್ಯಾರು ಆ ಎಳಿ ಕತ್ತರಿಸಿ ಕೈಗೆ ಕೊಟ್ಟಾರ. ಅದಕ್ಕ ನಿಮಗ ಬ್ಯಾರೆ ಥರ ಕೇಳಂಗಿಲ್ಲ.

ಇನ್ನೊಂದು ಮಾತು. ಎಲ್ಲಾರೂ ಕೂಸು ಕೂಸು ಅಂತಾರ. ಪದ್ಯ ಕೂಸಿನ ಕಡೆ ನೋಡೋದು ಒಂದ ಸಲ. ಉಳಿದಿದ್ದೆಲ್ಲಾ ಹೆಂಡತಿ ಮುಖ. ಆಕೀ ತುಟಿ ಬಣ್ಣ ಎಲ್ಲಿಗೆ ಹಾರ್ತು ಅಂತ ಕೇಳ್ತಾನ, ಆ ಕಣ್ಣು ನಿನ್ನವ ಹೌದೇನು ಅಂತ ಕೇಳ್ತಾನ. ಹುಣ್ಣಿಮಿ ಚಂದಿರನ ಹೆಣ ಹಗಲಾಗ ಮುಗಿಲಾಗ ತೇಲಿ ಬಂದಂಗ ಅಂತಾನ. ಒಂದು ಮುಂಜಾನಿ ಕೆಲಗೇರಿ ಕೆರಿ ದಂಡಿ ಮ್ಯಾಲೆ ನಿಂತು ಹಗಲ ಚಂದ್ರನ್ನ ನೋಡಿದ್ದೆ, ಬೆಳ್ಳಗ, ಜೀವ ಇಲ್ಲದ್ದು. ಅವತ್ತ ನನಗ ಆ ಸಾಲು ತಿಳೀತು. ಅದಕ್ಕ ಬೇಂದ್ರೆಯವರ ಮನಿ ಲೆಕ್ಕ ಬೇಕಾಗಲಿಲ್ಲ. ಚಂದ್ರ ಬೇಕಾತು.

---

ನಿವೃತ್ತ ಮೇಷ್ಟ್ರು

ಗಾಳಿಯವರ ಓದು ಸೊಗಸಾಗಿದೆ. ಆದರೆ ಒಂದು ತಕರಾರು.

‘ಎನ್ನ ಪಾಡೆನಗಿರಲಿ’ ಅನ್ನುವ ಸಾಲನ್ನು ನಾವು ಬೀಗದ ಹಾಗೆ ಬಳಸುತ್ತೇವೆ. ಬರೆದವರು ಆ ಬೀಗ ಹಾಕಿಕೊಂಡು ಕೂತಿದ್ದರೇ? ಕಾವ್ಯನಾಮವನ್ನೇ ನೋಡಿ. ಅಂಬಿಕಾತನಯದತ್ತ, ಅಂಬಿಕೆಯ ಮಗ ದತ್ತ. ತಂದೆ ರಾಮಚಂದ್ರರು ಇವರು ಚಿಕ್ಕವರಿದ್ದಾಗಲೇ ಹೋದರು, ತಾಯಿ ಸಾಕಿದರು. ತನ್ನ ಮನೆಯ ಅತಿ ಖಾಸಗಿ ಸಂಗತಿಯನ್ನು ಈ ಕವಿ ಪುಸ್ತಕದ ರಕ್ಷಾಪುಟದ ಮೇಲೆಯೇ ಅಚ್ಚು ಹಾಕಿಸಿದ್ದಾರೆ. ಬಡತನ, ಸಾವು, ಮುನಿಸು, ಮತ್ತೆ ಒಲವು ತುಂಬಿದ ತಮ್ಮ ದಾಂಪತ್ಯವನ್ನು 1937ರಲ್ಲಿ ‘ಸಖೀಗೀತ’ ಅಂತ ನೀಳ್ಗವಿತೆ ಮಾಡಿ ಲೋಕದ ಮುಂದಿಟ್ಟರು. ಸಖ್ಯದ ಆಖ್ಯಾನ ಕಟುಮಧುರ ಅಂತ ಹೆಂಡತಿಗೇ ಹೇಳುತ್ತಾ ಶುರುವಾಗುವ ಪದ್ಯ ಅದು. ಪಾಡು ನನಗಿರಲಿ ಅಂದವರು ಮಾಡುವ ಕೆಲಸವೇ ಇದು?

ಹಾಗಂತ ಅವರು ಸುಳ್ಳು ಹೇಳಿದರು ಅಂತಲ್ಲ. ಬೇಂದ್ರೆ ಬೇರೆ, ಅಂಬಿಕಾತನಯದತ್ತ ಬೇರೆ ಅನ್ನುತ್ತಿದ್ದರು. ಒಳಗಿರುವ ಅವನು ಹೇಳಿದ್ದನ್ನು ಹೊರಗಿರುವ ಇವನು ಕನ್ನಡದಲ್ಲಿ ಒಪ್ಪಿಸುತ್ತಾನೆ ಅನ್ನುವ ಲೆಕ್ಕ. ‘ನರಬಲಿ’ ಪದ್ಯಕ್ಕಾಗಿ ಬ್ರಿಟಿಷ್ ಸರ್ಕಾರ ಹಿಂಡಲಗಾ ಜೈಲಿಗೆ ಹಾಕಿದಾಗ ಮಾತ್ರ ಒಳಗೆ ಹೋದವರು ಬೇಂದ್ರೆಯೇ, ದತ್ತನನ್ನು ಹಿಡಿಯುವ ಪೋಲೀಸು ಇನ್ನೂ ಹುಟ್ಟಿರಲಿಲ್ಲ! ಜೈಲು, ಆಮೇಲೆ ಮುಗದದಲ್ಲಿ ಕಣ್ಗಾವಲು, ವರ್ಷಗಟ್ಟಲೆ ಕೆಲಸವಿಲ್ಲದ ಸಂಸಾರ. ‘ನಾನು ಬಡವಿ, ಆತ ಬಡವ’ ಅನ್ನುವ ಸಾಲನ್ನು ಈ ಸಂಗತಿ ಗೊತ್ತಿಲ್ಲದೆಯೂ ಹಾಡಬಹುದು, ಮದುವೆ ಮನೆಗಳಲ್ಲಿ ಹಾಡುತ್ತಾರೆ ಕೂಡ. ಗೊತ್ತಿದ್ದರೆ ಆ ‘ಒಲವೆ ನಮ್ಮ ಬದುಕು’ ಅನ್ನುವುದು ಅಲಂಕಾರದ ಮಾತಲ್ಲ, ಅಕ್ಕಿ ಡಬ್ಬಿಯ ತಳದಲ್ಲಿ ಉಳಿದಿರುವ ಲೆಕ್ಕ ಅಂತ ತಿಳಿಯುತ್ತದೆ.

---

ಕಾಫಿ ಲೋಟ

ಮೇಷ್ಟ್ರೇ, ‘ಅಕ್ಕಿ ಡಬ್ಬಿಯ ತಳ’ ನಾನು ಕದ್ದೆ. ಕೇಳಬೇಡಿ.

---

ಮಿತಭಾಷಿಣಿ

ನನ್ನ ಹೆಸರಿಗೆ ಅವಮಾನ ಮಾಡೋ ಹಾಗೆ ಉದ್ದ ಬರೀತೀನಿ, ಕ್ಷಮಿಸಿ.

ಮೇಷ್ಟ್ರು ಹೇಳಿದ ‘ನಾನು ಬಡವಿ’ ಪದ್ಯದಲ್ಲಿ ಮಾತಾಡ್ತಿರೋದು ಹೆಂಡತಿ. ಬರೆದಿದ್ದು ಗಂಡ. ‘ನೀ ಹೀಂಗ ನೋಡಬ್ಯಾಡ’ದಲ್ಲಿ ನೋಡ್ತಿರೋಳು ಅವಳು, ಮಾತು ಪೂರ್ತಿ ಅವನದ್ದು. ಸಖೀಗೀತದ ಸಖಿ ಕೇಳಿಸಿಕೊಳ್ತಾಳೆ. ಒಂದೇ ಸಂಸಾರದ ಪಾಡು, ಹಾಡೋ ಗಂಟಲು ಮಾತ್ರ ಒಂದೇ. ‘ಲೇಖಕನ ಖಾಸಗಿ ಬದುಕು’ ಅಂತ ನಾವು ಚರ್ಚೆ ಮಾಡ್ತಿರೋದು ಇಬ್ಬರ ಬದುಕನ್ನ, ಒಬ್ಬರ ಸಾಕ್ಷಿ ಇಟ್ಕೊಂಡು. ಲಂಕೇಶರು ‘ಹುಳಿಮಾವಿನ ಮರ’ ಅಂತ ಆತ್ಮಕಥೆ ಬರೆದರು. ಎಷ್ಟೋ ವರ್ಷ ಆದಮೇಲೆ ಅವರ ಹೆಂಡತಿ ಇಂದಿರಾ ಲಂಕೇಶ್ ‘ಹುಳಿಮಾವು ಮತ್ತು ನಾನು’ ಬರೆದರು. ಆ ‘ಮತ್ತು ನಾನು’ ಅನ್ನೋ ಎರಡು ಪದಕ್ಕೆ ಒಂದು ವಿಮರ್ಶೆ ಬರೆಯಬಹುದು. ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ ಓದಿದ ಮೇಲೆ ಕಾಡು ಸುತ್ತೋ, ಮೀನು ಹಿಡಿಯೋ ಆ ಮನುಷ್ಯನ ಹಿಂದೆ ತೋಟದ ಮನೆಯೊಂದನ್ನ ಯಾರು ನಡೆಸ್ತಿದ್ರು ಅಂತ ಕಾಣಿಸುತ್ತೆ.

ಇನ್ನೊಂದು ನನ್ನ ಹಳೇ ಸಿಟ್ಟು. ಗಂಡಸು ಬರೆದ್ರೆ ಕಲ್ಪನೆ, ಹೆಂಗಸು ಬರೆದ್ರೆ ಸ್ವಂತ ಅನುಭವ. ತ್ರಿವೇಣಿ ಮೈಸೂರಲ್ಲಿ ಮನಶ್ಶಾಸ್ತ್ರ ಓದಿದವರು, ಆ ಓದು ‘ಶರಪಂಜರ’ದ ಬೆನ್ನೆಲುಬು. ಬಾಣಂತಿಯ ಮನೋರೋಗವನ್ನ, ವಾಸಿಯಾಗಿ ಬಂದ ಮೇಲೂ ಅವಳನ್ನ ‘ಹುಚ್ಚಿ’ ಅಂತಲೇ ನೋಡೋ ಮನೆಯನ್ನ ಅಷ್ಟು ಖಚಿತವಾಗಿ ಬರೆದಿದ್ದು ಅದರಿಂದ. ಆದರೆ ಅವರು 1963ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡ್ರಲ್ಲ, ಇನ್ನೂ ಮೂವತ್ತೈದು ತುಂಬಿರಲಿಲ್ಲ, ಅಷ್ಟು ಸಾಕು ಜನಕ್ಕೆ. ಕಾದಂಬರಿಯನ್ನ ಅವರ ಸಾವಿನ ಮುನ್ಸೂಚನೆ ಥರ ಓದೋಕೆ ಶುರು. ಅದೇ ತ್ರಿವೇಣಿ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ವಯಸ್ಸಾದ ಗಂಡಸೊಬ್ಬನ ಮನಸ್ಸಿನೊಳಗೆ ಹೊಕ್ಕು ಬರೆದಿದ್ದಾರೆ. ಅದು ಯಾರ ಸ್ವಂತ ಅನುಭವ, ಹೇಳಿ?

ಕೊಡಗಿನ ಗೌರಮ್ಮನ ಕಥೆಗಳಲ್ಲಿ ವಿಧವೆಯರು, ಮೋಸ ಹೋದ ಹುಡುಗಿಯರು ತುಂಬಿದ್ದಾರೆ. ಆಕೆಯ ಬದುಕಲ್ಲಿ ಅದನ್ನ ಹುಡುಕಿದ್ರೆ ಏನೂ ಸಿಗಲ್ಲ. ಗಂಡ, ಮಗ, ಟೆನಿಸ್, ಈಜು, ಗಾಂಧೀಜಿ ಮನೆಗೆ ಬರಲಿ ಅಂತ ಉಪವಾಸ ಕೂತು ಒಡವೆ ಬಿಚ್ಚಿ ಕೊಟ್ಟ ಧೈರ್ಯ. 1939ರಲ್ಲಿ ನೀರಿನ ಪಾಲಾದಾಗ 27 ವರ್ಷ. ಪಕ್ಕದ ಮನೆಯ ಸಂಕಟ ಬರೆಯೋಕೆ ಪಕ್ಕದ ಮನೆ ಕಡೆ ನೋಡೋ ಕಣ್ಣು ಇದ್ರೆ ಸಾಕು.

---

ತಿಪಟೂರು ತೆಂಗು

ನಮ್ಮ ಕಡೆಯ ಪುಸ್ತಕ ಬರದೆ ಈ ಚರ್ಚೆ ಮುಗಿಯೋ ಹಾಗಿಲ್ಲ. ಭೈರಪ್ಪನವರ ‘ಗೃಹಭಂಗ’ (1970), ‘ಭಿತ್ತಿ’ (1996). ಒಂದು ಕಾದಂಬರಿ, ಇನ್ನೊಂದು ಆತ್ಮಕಥೆ, ಮಧ್ಯೆ 26 ವರ್ಷ.

ನಮ್ಮಜ್ಜಿ ಚನ್ನರಾಯಪಟ್ಟಣದ ಸೀಮೆಯವರು. ಅವರಿಗೆ ನಾನು ‘ಗೃಹಭಂಗ’ ಓದಿ ಹೇಳ್ತಿದ್ದೆ, ಅವರಿಗೆ ಆಗ ಕಣ್ಣು ಮಂಜು. ಪ್ಲೇಗು ಬಂತು ಅಂದ ತಕ್ಷಣ ‘ಇಲಿ ಬಿತ್ತಾ?’ ಅಂತ ಕೇಳಿದ್ರು. ಊರು ಬಿಟ್ಟು ಹೊಲದಲ್ಲಿ ಶೆಡ್ಡು ಹಾಕ್ಕೊಂಡು ಇರೋದು ಅವರಿಗೆ ಕಥೆಯಲ್ಲ, ಬಾಲ್ಯ. ನಂಜಮ್ಮ ಗಂಡನ ಬದಲು ಶಾನುಭೋಗಿಕೆ ಲೆಕ್ಕ ಬರೆಯೋದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸೋದು ಓದುವಾಗ ಅಜ್ಜಿಯ ಬೆರಳು ತಾವಾಗೇ ಎಲೆ ಹಚ್ಚೋ ಹಾಗೆ ಆಡ್ತಿದ್ವು. ಲೇಖಕರು ಯಾರು, ಅವರ ತಾಯಿ ಯಾರು ಅಂತ ಅಜ್ಜಿ ಕೇಳಲೇ ಇಲ್ಲ.

ನಾನು ಕೇಳಿದೆ. ‘ಭಿತ್ತಿ’ ಓದಿದೆ. ಸಂತೇಶಿವರದ ಆ ಹುಡುಗ ತಾಯಿಯನ್ನ, ಒಡಹುಟ್ಟಿದವರನ್ನ ಪ್ಲೇಗಿಗೆ ಕೊಟ್ಟವನು. ವಾರಾನ್ನ, ಊದುಬತ್ತಿ ಮಾರಾಟ, ಮುಂಬೈಯಲ್ಲಿ ಹಮಾಲಿ, ಸಾಧುಗಳ ಹಿಂದೆ ಅಲೆದಾಟ, ಮತ್ತೆ ಮೈಸೂರು, ತತ್ತ್ವಶಾಸ್ತ್ರದಲ್ಲಿ ಚಿನ್ನದ ಪದಕ. ಸಾವು ಅಂದ್ರೇನು ಅನ್ನೋ ಪ್ರಶ್ನೆಯೇ ತನ್ನನ್ನ ತತ್ತ್ವಶಾಸ್ತ್ರಕ್ಕೆ ಎಳೀತು ಅಂತ ಅವರೇ ಹೇಳಿದ್ದಾರೆ. ಸರಿ, ‘ಗೃಹಭಂಗ’ದ ಬೇರು ಸಿಕ್ತು ಅಂದ್ಕೊಂಡೆ.

ಆದರೆ ನನಗೆ ಎರಡನೇ ಸಲ ಓದುವಾಗ ಹೊಳೆದಿದ್ದು ಬೇರೆ. ಕಾದಂಬರಿಯಲ್ಲಿ ಲೇಖಕನ ಪಾಲಿನ ಹುಡುಗ ಯಾರು? ವಿಶ್ವ. ಅವನೆಲ್ಲಿದ್ದಾನೆ? ಅಂಚಿನಲ್ಲಿ. ಮಧ್ಯದಲ್ಲಿ ನಿಂತಿರೋಳು ನಂಜಮ್ಮ. ಕೊನೆಗೆ ಮಹಾದೇವಯ್ಯನವರ ಹಿಂದೆ ಆ ಹುಡುಗ ಹೊರಟು ಹೋಗ್ತಾನೆ, ಅಷ್ಟೇ. ಮುಂದೆ ಅವನು ಮುಂಬೈಗೆ ಹೋದ, ಗೆದ್ದ, ದೊಡ್ಡ ಲೇಖಕನಾದ ಅನ್ನೋ ಒಂದು ಸಾಲಿನ ಸಮಾಧಾನವೂ ನಮಗೆ ಸಿಗಲ್ಲ. ಆತ್ಮಕಥೆಯಲ್ಲಿ ‘ನಾನು’ ಬದುಕುಳಿದಿದ್ದಾನೆ ಅಂತ ಮೊದಲ ಪುಟಕ್ಕೇ ಗೊತ್ತು, ಇಲ್ಲದಿದ್ರೆ ಬರೀತಿರೋರು ಯಾರು? ಕಾದಂಬರಿಗೆ ಆ ಅಭಯ ಇಲ್ಲ. ಬದುಕು ಕೃತಿಗೆ ಬೆಳಕು ಚೆಲ್ಲುತ್ತೆ ಅಂತೀವಲ್ಲ, ನನ್ನ ಪಾಲಿಗೆ ಬೆಳಕು ಚೆಲ್ಲಿದ್ದು ಎರಡೂ ಎಲ್ಲಿ ಹೋಲುತ್ವೆ ಅನ್ನೋದಲ್ಲ. ಬರೆಯೋವಾಗ ಅವರು ತಮ್ಮನ್ನ ಎಲ್ಲಿಂದ ಕಿತ್ತು ಪಕ್ಕಕ್ಕೆ ಇಟ್ಟರು ಅನ್ನೋದು.

(ಕಾಸರವಳ್ಳಿಯವರ ಧಾರಾವಾಹಿ ಬಂದಾಗ ಅಜ್ಜಿ ಇರಲಿಲ್ಲ. ಇದ್ದಿದ್ರೆ ನಂಜಮ್ಮನ ಅತ್ತೆ ಗಂಗಮ್ಮನಿಗೆ ಟಿವಿ ಮುಂದೆಯೇ ಬೈತಿದ್ರು.)

---

ಸಾಧನಕೇರಿ ಗಾಳಿ

ತೆಂಗಿನವರ, ಛಲೋ ಹೇಳಿದ್ರಿ. ಇದಕ್ಕ ನಾನು ಎದುರು ಮಾತಾಡಂಗಿಲ್ಲ.

---

ನಾಟಕದ ಹುಚ್ಚು

ತೆಂಗು ಅವರ ಮಾತಿಗೆ ಒಂದು ಕೊಂಡಿ. ಕಾರ್ನಾಡರು ‘ಯಯಾತಿ’ ಬರೆದಾಗ ಇಪ್ಪತ್ತೆರಡರ ಆಸುಪಾಸು. ಆಕ್ಸ್‌ಫರ್ಡ್‌ಗೆ ಓದಲು ಹೊರಟಿದ್ದರು. ಮನೆಯಲ್ಲಿ ಆತಂಕ: ಮಗ ವಾಪಸ್ ಬರ್ತಾನಾ, ಅಲ್ಲೇ ಯಾರನ್ನಾದ್ರೂ ಮದುವೆ ಆಗಿಬಿಡ್ತಾನಾ? ಆ ಉಸಿರುಕಟ್ಟಿನಲ್ಲಿ ಅವರು ಕೈಗೆತ್ತಿಕೊಂಡಿದ್ದು ಅಪ್ಪನ ಮುಪ್ಪನ್ನ ಮಗ ಹೊತ್ತುಕೊಳ್ಳೋ ಪುರಾಣ! ಬರೆಯುವಾಗ ಇದು ತನ್ನದೇ ಕಥೆ ಅಂತ ಗೊತ್ತಾಗಲಿಲ್ಲ, ನನ್ನ ಭವಿಷ್ಯ ಬಲಿ ಕೊಡು ಅನ್ನೋರ ಮೇಲಿನ ಸಿಟ್ಟು ಎಷ್ಟು ಕರಾರುವಾಕ್ಕಾಗಿ ಅದರಲ್ಲಿ ಕೂತಿದೆ ಅಂತ ಆಮೇಲೆ ನೋಡಿ ಬೆರಗಾದೆ ಅನ್ನೋ ಅರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಅಂದ್ರೆ ಬರೆದವರಿಗೇ ಗೊತ್ತಿಲ್ಲದ ಪಾಡು ಹಾಡಿನಲ್ಲಿ ಇರುತ್ತೆ. ‘ಎನಗಿರಲಿ’ ಅನ್ನೋಕೆ ಮೊದಲು ಅದು ತನ್ನ ಹತ್ತಿರ ಇದೆ ಅಂತ ಗೊತ್ತಿರಬೇಕಲ್ಲ!

ಆದರೆ ನಾನು ಹತ್ತು ವರ್ಷದ ಹಿಂದೆ ಹವ್ಯಾಸಿ ತಂಡದ ಜೊತೆ ‘ಯಯಾತಿ’ ಮಾಡಿದಾಗ ಈ ಕೀಲಿ ಎಲ್ಲಿ ತನಕ ತಿರುಗುತ್ತೆ ಅಂತ ನೋಡಿದ್ದೀನಿ. ಮಗ ಪೂರುವಿನ ತನಕ ಸಲೀಸು. ಚಿತ್ರಲೇಖೆ ಹತ್ತಿರ ಬಂದು ನಿಂತುಬಿಡುತ್ತೆ. ಅವಳು ಪೂರುವಿನ ಹೆಂಡತಿ, ಮಹಾಭಾರತದಲ್ಲಿ ಇಲ್ಲ, ಕಾರ್ನಾಡರೇ ಹುಟ್ಟಿಸಿದವಳು. ಗಂಡ ಮುದುಕನಾಗಿ ಎದುರು ನಿಂತಾಗ ‘ನನ್ನ ಗತಿ ಏನು’ ಅಂತ ಮಾವನನ್ನ ನೇರ ಕೇಳ್ತಾಳೆ, ಕೊನೆಗೆ ಪ್ರಾಣ ಬಿಡ್ತಾಳೆ. ನಾಟಕ ನಾಟಕವಾಗೋದು ಅಲ್ಲಿ. ಸಿಟ್ಟಾದ ಮಗನೊಬ್ಬ ತನ್ನ ತ್ಯಾಗದ ಬೆಲೆಯನ್ನ ಇನ್ನೊಬ್ಬಳು ಕಟ್ಟಬೇಕಾಗುತ್ತೆ ಅಂತ ಕಂಡುಕೊಂಡಿದ್ದು ಯಾವ ಜೀವನ ಚರಿತ್ರೆಯಿಂದ? ರಿಹರ್ಸಲ್‌ನಲ್ಲಿ ನಮ್ಮ ಚಿತ್ರಲೇಖೆ ಪಾತ್ರಧಾರಿಗೆ ನಾನು ಆಕ್ಸ್‌ಫರ್ಡ್ ಕಥೆಯೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ‘ಸರಿ ಸಾರ್, ಇದರಲ್ಲಿ ನನಗೇನಿದೆ?’ ಅಂದಳು. ಅದೇ ದನಿಯಲ್ಲಿ ಸಂಭಾಷಣೆ ಹೇಳು ಅಂದೆ. ಅವತ್ತು ಕುದುರಿತು.

---

ಮಿತಭಾಷಿಣಿ

ಆ ಹುಡುಗಿಗೆ ನನ್ನ ನಮಸ್ಕಾರ.

ಕಾರ್ನಾಡರ ಮಾತು ಬಂದಿದ್ದಕ್ಕೆ ಒಂದು. ಅವರ ಆತ್ಮಕಥೆ ‘ಆಡಾಡತಾ ಆಯುಷ್ಯ’ ಶುರುವಾಗೋದೇ ಅವರು ಹುಟ್ಟದೇ ಹೋಗಬಹುದಾಗಿದ್ದ ದಿನದಿಂದ. ಮಕ್ಕಳು ಸಾಕು ಅಂತ ತಾಯಿ ಪುಣೆಯಲ್ಲಿ ಡಾಕ್ಟರ್ ಮಧುಮಾಲತಿ ಗುಣೆಯವರ ಹತ್ತಿರ ಹೋಗಿದ್ರಂತೆ, ಡಾಕ್ಟರ್ ಅವತ್ತು ಬರಲೇ ಇಲ್ಲ, ಕಾದು ವಾಪಸ್ ಬಂದ್ರಂತೆ. ಪುಸ್ತಕದ ಅರ್ಪಣೆ ಆ ಬಾರದ ಡಾಕ್ಟರಿಗೆ! ಆ ತಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆ, ಮಗುವಿತ್ತು, ನರ್ಸ್ ಕೆಲಸ ಕಲಿತರು, ಆಮೇಲೆ ಡಾಕ್ಟರ್ ಕಾರ್ನಾಡರನ್ನ ಮದುವೆಯಾದರು. ಈಗ ಹೇಳಿ, ವಿಧವೆಯ ಮರುಮದುವೆ, ವಂಶದ ಶುದ್ಧಿ ಅಂತೆಲ್ಲ ಒದ್ದಾಡೋ ‘ವಂಶವೃಕ್ಷ’ವನ್ನ ಬಿ.ವಿ. ಕಾರಂತರ ಜೊತೆ ಸಿನಿಮಾ ಮಾಡಿದ್ದು ಈ ತಾಯಿಯ ಮಗ. ಕಾದಂಬರಿ ಭೈರಪ್ಪನವರದ್ದು. ಮುಂದೆ ಇಬ್ಬರ ದಾರಿ ಎಷ್ಟು ಬೇರೆಯಾಯ್ತು ಅನ್ನೋದು ಎಲ್ಲರಿಗೂ ಗೊತ್ತು. ಒಂದೇ ಕಥೆಯನ್ನ ಅವರು ಎಲ್ಲಿ ನಿಂತು ಬರೆದರು, ಇವರು ಎಲ್ಲಿ ನಿಂತು ಓದಿದರು ಅಂತ ಯೋಚನೆ ಮಾಡಿದ್ರೆ ನನಗೆ ಮೈ ಜುಮ್ಮೆನ್ನುತ್ತೆ. ಅಂದ್ರೆ ಹೌದು, ನಾನೂ ಕೆದಕ್ತೀನಿ. ಮೇಲೆ ಅಷ್ಟುದ್ದ ಭಾಷಣ ಮಾಡಿ ಈಗ ಒಪ್ಪಿಕೊಳ್ತಿದ್ದೀನಿ.

---

ನಿರ್ವಾಹಕ

ಈ ನಡುವೆ ಬಂದಿದ್ದ ನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇನೆ. ಬದುಕಿರುವ ಲೇಖಕಿಯೊಬ್ಬರ ಮದುವೆ ಬಗ್ಗೆ ‘ನಮ್ಮ ಕಸಿನ್‌ಗೆ ಗೊತ್ತು’ ಅನ್ನುವಂಥವು. ಅವರೇ ಬರೆದು ಅಚ್ಚಾಗಿದ್ದರೆ ಚರ್ಚೆ ಮಾಡಿ, ಕಸಿನ್ ಆಧಾರ ಬೇಡ.

---

ಕಾಫಿ ಲೋಟ

ತೆಗೆದ ನಾಲ್ಕರಲ್ಲಿ ಒಂದು ನನ್ನದಲ್ಲ ಅಂತ ದಾಖಲೆಗೆ.

---

ನಿವೃತ್ತ ಮೇಷ್ಟ್ರು

ತರಗತಿಯಲ್ಲಿ ನಾನು ಮಾಡುತ್ತಿದ್ದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಮೂವತ್ತು ವರ್ಷ ‘ಕವಿ ಪರಿಚಯ’ ಮೊದಲು, ಪದ್ಯ ಆಮೇಲೆ. ಪಠ್ಯಪುಸ್ತಕದ ಕ್ರಮವೂ ಅದೇ: ಹುಟ್ಟಿದ ಊರು, ತಂದೆ ತಾಯಿ, ಪ್ರಶಸ್ತಿ. ಬೇಂದ್ರೆ ಅಂದರೆ 1896, ಧಾರವಾಡ, ‘ನಾಕು ತಂತಿ’, ಜ್ಞಾನಪೀಠ. ಮಕ್ಕಳು ಎರಡು ಅಂಕಕ್ಕೆ ಬಾಯಿಪಾಠ ಮಾಡುತ್ತಿದ್ದರು. ಆ ಪರಿಚಯದಲ್ಲಿ ಬದುಕೂ ಇರಲಿಲ್ಲ, ಪದ್ಯಕ್ಕೆ ಬೆಳಕೂ ಇರಲಿಲ್ಲ. ನಿವೃತ್ತಿಗೆ ಎರಡು ವರ್ಷ ಇರುವಾಗ ಒಮ್ಮೆ ಹಿಂದುಮುಂದು ಮಾಡಿದೆ. ಹಳೇಪುಸ್ತಕ ಹೇಳಿದ ಇದೇ ಪದ್ಯ, ಹೆಸರು ಹೇಳದೆ ಓದಿದೆ. ಹುಡುಗನೊಬ್ಬ ಎದ್ದು, ‘ಸಾರ್, ಇವನು ಹೆಂಡತಿಗೆ ಹೆದರ್ತಿದ್ದಾನೆ’ ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ದೇವರು ಅಂತ ತಿಳಿದೆಯೇನು ನೀನು ಅಂತ ಆ ಗಂಡ ಕೇಳುತ್ತಾನಲ್ಲ, ಹುಡುಗ ಹೇಳಿದ್ದು ಅದನ್ನೇ. ಉಳಿಸಿಕೊಡು ಅಂತ ನೋಡುತ್ತಿರುವ ಕಣ್ಣಿಗೆ ಹೆದರಿದ ಗಂಡ. ಆಮೇಲೆ ಬೇಂದ್ರೆ ಮನೆಯ ಕಥೆ ಹೇಳಿದೆ. ಅದೇ ಹುಡುಗ ಮತ್ತೆ ಎದ್ದು ನಿಂತ, ಏನೂ ಹೇಳದೆ ಕೂತ.

ಕಥೆ ಮೊದಲೇ ಹೇಳಿದ್ದರೆ ಅವನಿಗೆ ಆ ಹೆದರಿಕೆ ಕಾಣುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. ಕಥೆ ಹೇಳದೇ ಬಿಟ್ಟಿದ್ದರೆ ಅವನು ಎರಡನೇ ಸಲ ಏಳುತ್ತಿರಲಿಲ್ಲ.

---

ಹಳೇಪುಸ್ತಕ

ಎಲ್ಲರಿಗೂ ಥ್ಯಾಂಕ್ಸ್. ಗಾಳಿಯವರ ಮಾತು ತಲೇಲಿ ಕೂತುಬಿಟ್ಟಿತ್ತು, ಮೇಷ್ಟ್ರ ಪ್ರಯೋಗ ಓದಿದ ಮೇಲೆ ನಾನೂ ಒಂದು ಮಾಡಿದೆ. ಅಮ್ಮ ಊರಲ್ಲಿದ್ದಾರೆ, ಬೇಂದ್ರೆ ಹೆಸರು ಕೇಳಿದ್ದಾರೆ ಅಷ್ಟೇ, ಈ ಪದ್ಯ ಗೊತ್ತಿಲ್ಲ. ಪೂರ್ತಿ ಪದ್ಯವನ್ನ ನಾನೇ ಓದಿ ಧ್ವನಿಮುದ್ರಿಸಿ ವಾಟ್ಸಾಪ್ ಮಾಡಿದೆ. ಯಾರು, ಯಾವಾಗ, ಯಾಕೆ, ಏನೂ ಹೇಳಲಿಲ್ಲ.

ಎರಡು ನೀಲಿ ಗೆರೆ ಬಂದು ಅರ್ಧ ಗಂಟೆ ಆದಮೇಲೆ ಉತ್ತರ ಬಂತು. ‘ಚೆನ್ನಾಗಿ ಓದಿದ್ದೀಯ. ಆ ಕೂಸು ಆಮೇಲೆ ಎದ್ದಿತಾ?’

ಪದ್ಯದಲ್ಲಿ ಇಲ್ಲಮ್ಮ ಅಂತ ಬರೆದೆ, ಅಳಿಸಿದೆ. ಇಲ್ಲ ಅಂತ ಬರೆದೆ, ಅದನ್ನೂ ಅಳಿಸಿದೆ. ಆ ಕಡೆಯಿಂದ ಅಮ್ಮನಿಗೆ ‘ಟೈಪಿಂಗ್’ ಅಂತ ಕಾಣ್ತಾ ಇರುತ್ತೆ.